ಅಂಗಮರ್ದನ: ಕೈಯಿಡತಕ್ಕ ಎಡೆ, ಕೈಯಿಡಬಾರದ ಎಡೆ

ನಮ್ಮ ಷಷ್ಟಿಪೂರ್ತಿಯ ಸಮಾರಂಭವು ಮುಗಿದ ಮರುವಾರ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು, "ಅಪ್ಪಾ, ಕರಿಹಲಗೆಯ ಮುಂದೆ ಮೂವತ್ತೈದು ವರ್ಷ ನಿಂತು ನಿಮ್ಮ ಸೊಂಟ ಹಿಡಿದುಹೋಗಿದೆ, ಒಂದು ದಿನ ನನ್ನ ಜೊತೆ ಬನ್ನಿ" ಎಂದು ಒತ್ತಾಯಮಾಡಿ, ಅಂಗಮರ್ದನವನ್ನೇ ವೃತ್ತಿಯಾಗಿ ನಡೆಸುವ ಒಂದು ಸ್ಥಳಕ್ಕೆ ನಮ್ಮನ್ನು ಕರೆದೊಯ್ದನು. ಬಾಗಿಲಲ್ಲಿ ಕುಳಿತಿದ್ದ ಹೆಣ್ಣುಮಗಳು ಅಚ್ಚುಮಾಡಿದ ಪಟ್ಟಿಯೊಂದನ್ನು ನಮ್ಮ ಕೈಗಿತ್ತು, "ಯಾವುದು ಬೇಕು ಸಾರ್?" ಎಂದು ವಿನಯದಿಂದಲೇ ಕೇಳಿದಳು. ಪಟ್ಟಿಯಲ್ಲಿ ಸ್ವೀಡಿಷ್, ಡೀಪ್ ಟಿಶ್ಯೂ, ಟ್ರಿಗರ್ ಪಾಯಿಂಟ್, ಮೈಯೋಫೇಷಿಯಲ್ ರಿಲೀಸ್, ಲಿಂಫ್ ಡ್ರೇನೇಜ್ ಎಂದು ಒಂದರ ಕೆಳಗೊಂದು ಹೆಸರುಗಳಿದ್ದವು. ಕಟ್ಟಕಡೆಯಲ್ಲಿ ಅಭ್ಯಂಗ ಎಂದಿತ್ತು. ಅರ್ಥ ತಿಳಿಯದೆ ಅಮರಕೋಶವನ್ನು ಉರುಹೊಡೆಯುತ್ತಿದ್ದ ಹುಡುಗರನ್ನು ಜೀವಮಾನವೆಲ್ಲ ಗದರಿಸಿದ ನಾವು, ಆ ಪಟ್ಟಿಯ ಮುಂದೆ ಪಾಠ ಬಾರದ ಹುಡುಗನಂತೆ ಕುಳಿತೆವು. ಗುರುತಿದ್ದದ್ದು ಕೊನೆಯ ಶಬ್ದವೊಂದೇ. ಅದನ್ನೇ ಹಿಡಿದು ಪಾರಾದೆವು.

ಪಟ್ಟಿಯನ್ನು ಮಾತ್ರ ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದೆವು. ಆಮೇಲೆ ಬಲ್ಲವರನ್ನು ಕೇಳಿಯೂ ಪುಸ್ತಕಗಳನ್ನು ತಿರುವಿಹಾಕಿಯೂ ತಿಳಿದುಕೊಂಡದ್ದನ್ನು ಈ ತಿಂಗಳು ವಾಚಕರ ಮುಂದಿಡುತ್ತಿದ್ದೇವೆ. ಇದು ಬರಿಯ ಶಬ್ದಾರ್ಥದ ಕುತೂಹಲವೆಂದು ಯಾರೂ ಭಾವಿಸಬಾರದು. ನಾಲ್ಕು ವರ್ಷಗಳ ಹಿಂದೆ ನಮ್ಮ ಮನೆಯೊಳಗೇ, ನಮ್ಮ ಕೈಯಿಂದಲೇ, ಪ್ರೀತಿಯಿಂದ ಮಾಡಿದ ಮರ್ದನದಿಂದ, ದೊಡ್ಡದೊಂದು ಅನರ್ಥವು ಆಗುವುದರಲ್ಲಿತ್ತು. ಅದನ್ನು ಅದರ ಸ್ಥಾನದಲ್ಲಿ ಹೇಳುವೆವು.

ಪಟ್ಟಿಯ ಮೊದಲ ಹೆಸರು ಸ್ವೀಡನ್ ದೇಶದ್ದು. ಅಲ್ಲಿಯ ಪೆರ್ ಹೆನ್ರಿಕ್ ಲಿಂಗ್ (1776–1839) ಎಂಬವನೇ ಇದರ ಮೂಲಪುರುಷನೆಂದು ಬಹುಕಾಲ ಹೇಳುತ್ತ ಬಂದರು. ಅವನು 1813ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವ್ಯಾಯಾಮವಿದ್ಯೆಗಾಗಿ ಒಂದು ಶಾಲೆಯನ್ನು ಸ್ಥಾಪಿಸಿದ್ದು ನಿಜ. ಆದರೆ ಇಂದು ಆ ಹೆಸರಿನಲ್ಲಿ ನಡೆಯುವ ಐದು ಬಗೆಯ ಕೈಚಳಕಗಳಿಗೆ ಫ್ರೆಂಚ್ ಹೆಸರುಗಳು ನೆಲೆನಿಂತದ್ದು ಹಾಲೆಂಡಿನ ವೈದ್ಯ ಯೋಹಾನ್ ಮೆಟ್ಸ್‌ಗರ್ (1838–1909) ಮತ್ತು ಅವನ ಶಿಷ್ಯರ ಬಳಕೆಯಿಂದ. ಯೂರೋಪಿನ ಅನೇಕ ಕಡೆಗಳಲ್ಲಿ ಇದನ್ನು ಸ್ವೀಡಿಷ್ ಎಂದು ಕರೆಯುವುದೇ ಇಲ್ಲವಂತೆ, ಶಾಸ್ತ್ರೀಯ ಮರ್ದನವೆನ್ನುತ್ತಾರೆ. ಹೆಸರಿನ ಕೀರ್ತಿ ಒಬ್ಬನಿಗೆ, ದುಡಿಮೆ ಇನ್ನೊಬ್ಬನದು. ಇಂಥದು ನಮ್ಮ ಶಾಲೆಗಳಲ್ಲಿಯೂ ಉಂಟು.

ಐದು ಹೆಸರುಗಳು ಕಿವಿಗೆ ಮಾತ್ರ ಕಠಿಣ. ಬಿಡಿಸಿ ನೋಡಿದರೆ ಅವೆಲ್ಲವೂ ನಮ್ಮ ಅಡಿಗೆಮನೆಯ ಮತ್ತು ಬಚ್ಚಲುಮನೆಯ ಕ್ರಿಯಾಪದಗಳೇ. ಎಫ್ಲೂರಾಜ್ ಎಂದರೆ ನೀವುವುದು. ಅಂಗೈಯನ್ನು ಚಪ್ಪಟೆಯಾಗಿಟ್ಟು, ಎಣ್ಣೆಯ ಜಾರಿನಲ್ಲಿ, ಕೈಕಾಲುಗಳ ತುದಿಯಿಂದ ಹೃದಯದ ದಿಕ್ಕಿಗೆ ನಿಧಾನವಾಗಿ ಎಳೆಯತಕ್ಕದ್ದು. ಮಲಿನರಕ್ತವನ್ನು ಒಯ್ಯುವ ಸಿರೆಗಳೊಳಗೆ ಸಣ್ಣ ಕವಾಟಗಳಿದ್ದು, ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ. ಕೈಯೂ ಅದೇ ದಾರಿಯನ್ನು ಹಿಡಿಯಲಿ ಎಂಬುದು ಅದರ ಯುಕ್ತಿ. ಪೆಟ್ರಿಸಾಜ್ ಎಂದರೆ ನಾದುವುದು. ಹಿಟ್ಟು ನಾದುವುದಕ್ಕೆ ಫ್ರೆಂಚರಲ್ಲಿ ಯಾವ ಧಾತುವಿದೆಯೋ ಅದರಿಂದಲೇ ಈ ಶಬ್ದ ಹುಟ್ಟಿದೆ. ಚಪಾತಿಯ ಹಿಟ್ಟನ್ನು ಮಡಿಸಿ ಹಿಸುಕಿ ಬಿಡುವಂತೆ ಮಾಂಸಖಂಡವನ್ನು ಎತ್ತಿ, ಹಿಸುಕಿ, ಬಿಡುವುದು. ಟಪೋಟ್ಮಾ ಎಂದರೆ ತಟ್ಟುವುದು. ಅಂಗೈಯನ್ನು ಬಟ್ಟಲಿನಂತೆ ಮಾಡಿಯೋ ಕೈಯ ಅಂಚಿನಿಂದಲೋ ತಟ್ಟುತ್ತಾರೆ. ವೈಬ್ರೇಷನ್ ಎಂದರೆ ನಡುಗಿಸುವುದು.

ಫ್ರಿಕ್ಷನ್ ಎಂಬುದನ್ನು ಉಜ್ಜುವುದೆಂದು ಹೇಳಿದರೆ ಅರ್ಧ ಮಾತ್ರ ಸರಿ. ನಾವು ಉಜ್ಜುವಾಗ ಕೈಯು ಚರ್ಮದ ಮೇಲೆ ಓಡುತ್ತದೆ. ಇಲ್ಲಿ ಹಾಗಲ್ಲ. ಬೆರಳು ಚರ್ಮದ ಮೇಲೆ ಕದಲದೆ ನಿಂತು, ಚರ್ಮವನ್ನು ಜೊತೆಗೆ ಕೊಂಡು, ಒಳಗಿನ ಪದರದ ಮೇಲೆ ಸಣ್ಣದಾಗಿ ಆಡುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಸಿರಿಯಾಕ್ಸ್ ಎಂಬವನು ಇದನ್ನು ಸ್ನಾಯುವಿನ ಎಳೆಗಳಿಗೆ ಅಡ್ಡಲಾಗಿ ನಡೆಸುವ ಕ್ರಮವನ್ನು ಇಪ್ಪತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದನು.

ಇನ್ನು ನಮ್ಮ ಶಬ್ದಗಳ ಮಾತು. ಅಭ್ಯಂಗವೆಂಬುದು ಅಭಿ ಎಂಬ ಉಪಸರ್ಗವು ಅಂಜ್ ಧಾತುವಿಗೆ ಸೇರಿ ಆದದ್ದು, ಬಳಿಯುವುದೆಂದು ಅರ್ಥ. ಕಣ್ಣಿಗೆ ಬಳಿಯುವ ಅಂಜನವೂ, ದೀಪಾವಳಿಯ ಅಭ್ಯಂಜನವೂ ಇದೇ ಧಾತುವಿನ ಸಂತಾನ. ಆದುದರಿಂದ ಅಭ್ಯಂಗದಲ್ಲಿ ಮುಖ್ಯವಾದುದು ಎಣ್ಣೆ; ಬಲವಲ್ಲ. ಬಲವು ಬರುವುದು ಮರ್ದನದಲ್ಲಿ. ಮೃದುವಾಗಿ ಒತ್ತುವುದು ಸಂವಾಹನ. ಚೂರ್ಣದಿಂದ ತಿಕ್ಕುವುದು ಉದ್ವರ್ತನ. ನಮ್ಮ ಮನೆಗಳಲ್ಲಿ ಎಣ್ಣೆ ಹಚ್ಚಿದ ಮೇಲೆ ಕಡಲೆಹಿಟ್ಟನ್ನೋ ಸೀಗೆಪುಡಿಯನ್ನೋ ಹಾಕಿ ತಿಕ್ಕುತ್ತೇವಲ್ಲ, ಅದು ಉದ್ವರ್ತನದ ಮನೆಮಗಳೇ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಇವೆಲ್ಲವನ್ನೂ ಒಂದೊಂದಾಗಿ, ಒಂದೊಂದರ ಗುಣದೊಡನೆ ಹೇಳಿದೆ. ಒಂದೇ 'ಮಸಾಜು' ಎಂಬ ಶಬ್ದದಲ್ಲಿ ಎಲ್ಲವನ್ನೂ ತುಂಬಿ ಕಲಸಿಬಿಟ್ಟವರು ನಾವೇ.

ಸಂವಾಹನವೆಂದೊಡನೆ ಶೂದ್ರಕನ ಮೃಚ್ಛಕಟಿಕದ ಸಂವಾಹಕನನ್ನು ನೆನೆಯದಿರಲಾರೆವು. ಪಾಟಲಿಪುತ್ರದ ಗೃಹಸ್ಥನ ಮಗ. ಅಂಗಮರ್ದನವನ್ನು ಕಲೆಯೆಂದು ಕಲಿತವನು, ಕಾಲಗತಿಯಿಂದ ಅದನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡನು. ಚಾರುದತ್ತನ ಸೇವೆಯಲ್ಲಿದ್ದು, ಜೂಜಾಡಿ ಕೆಟ್ಟು, ಕೊನೆಗೆ ಬೌದ್ಧ ಭಿಕ್ಷುವಾದನು. ಇನ್ನೊಬ್ಬ ಬಿಹಾರಿಯು ಇದೇ ವಿದ್ಯೆಯಿಂದ ಇಂಗ್ಲೆಂಡಿನಲ್ಲಿ ಹೆಸರಾದನು. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನು 1814ರ ಸುಮಾರಿಗೆ ಬ್ರೈಟನ್ ಎಂಬ ಸಮುದ್ರತೀರದ ಊರಿನಲ್ಲಿ ಆವಿಯ ಸ್ನಾನಗೃಹವನ್ನು ತೆರೆದು, ಆಂಗ್ಲರ ಮೈಯನ್ನು ಒತ್ತಿ, ಇಬ್ಬರು ದೊರೆಗಳಿಗೆ ಮರ್ದನವೈದ್ಯನೆಂಬ ನೇಮಕವನ್ನು ಪಡೆದನು. ಒತ್ತು ಎಂಬರ್ಥದ ಹಿಂದಿಯ 'ಚಾಂಪೋ' ಎಂಬ ಶಬ್ದವೇ ಆಂಗ್ಲರ ಬಾಯಲ್ಲಿ 'ಶಾಂಪೂ' ಆಯಿತು. ಮೈಯೊತ್ತುವುದರ ಹೆಸರು ತಲೆ ತೊಳೆಯುವ ಸೀಸೆಯೊಳಗೆ ಸೇರಿಕೊಂಡ ಕಥೆ ಇದು. ಶಬ್ದಗಳ ಹಿಂದೆ ಓಡುವುದು ನಮ್ಮ ಹಳೆಯ ಚಟ, ವಾಚಕರು ಕ್ಷಮಿಸಬೇಕು.

ಪಟ್ಟಿಯಲ್ಲಿ ಉಳಿದ ಹೆಸರುಗಳನ್ನು ಬೇಗನೆ ಹೇಳಿಬಿಡುವೆವು. ಡೀಪ್ ಟಿಶ್ಯೂ ಎಂದರೆ ಮೊಣಕೈಯನ್ನೋ ಹೆಬ್ಬೆರಳನ್ನೋ ಊರಿ ಒಳಗಿನ ಮಾಂಸದ ಪದರಗಳವರೆಗೆ ಒತ್ತುವುದು. ಟ್ರಿಗರ್ ಪಾಯಿಂಟ್ ಎಂಬುದು ಮಾಂಸಖಂಡದಲ್ಲಿ ಗಂಟಿನಂತೆ ತೋರುವ, ಒತ್ತಿದರೆ ಬೇರೆಲ್ಲಿಯೋ ನೋವು ಮಿಡಿಯುವ ಬಿಂದು. ಅಮೆರಿಕದ ಅಧ್ಯಕ್ಷ ಕೆನೆಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ ಎಂಬಾಕೆ ಡೇವಿಡ್ ಸೈಮನ್ಸ್ ಎಂಬವರೊಡನೆ ಸೇರಿ 1983ರಲ್ಲಿ ಇದರ ಮೇಲೆ ದೊಡ್ಡ ಗ್ರಂಥವನ್ನು ಹೊರತಂದರು. ಆ ಗಂಟು ನಿಜವಾಗಿ ಏನು ಎಂಬುದರಲ್ಲಿ ವೈದ್ಯರಿಗೆ ಇಂದಿಗೂ ಏಕಾಭಿಪ್ರಾಯವಿಲ್ಲ. ಮೈಯೋಫೇಷಿಯಲ್ ಎಂಬುದು ಮಾಂಸವನ್ನು ಹೊದ್ದಿರುವ ತೆಳುವಾದ ಪೊರೆಯನ್ನು ನಿಧಾನವಾಗಿ ಎಳೆದು ಹಿಡಿಯುವ ಕ್ರಮ. ಲಿಂಫ್ ಡ್ರೇನೇಜನ್ನು ಡೆನ್ಮಾರ್ಕಿನ ವೊಡ್ಡರ್ ದಂಪತಿಗಳು 1930ರ ದಶಕದಲ್ಲಿ ರೂಪಿಸಿದರು. ಸ್ತನದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ಹೆಂಗಸರಿಗೆ ತೋಳು ಊದಿಕೊಳ್ಳುತ್ತದೆ. ಅಂಥವರಿಗೆ, ಬಿಗಿಯಾದ ಪಟ್ಟಿ ಕಟ್ಟುವುದರ ಜೊತೆಗೆ, ತರಬೇತಾದವರು ಇದನ್ನು ಮಾಡುತ್ತಾರೆ. ಇದರಲ್ಲಿ ಕೈಯು ಎಷ್ಟು ಹಗುರವೆಂದರೆ ಮಗುವಿನ ಕೆನ್ನೆ ಸವರಿದಂತೆ. ಗಟ್ಟಿಯಾಗಿ ಒತ್ತಿದಷ್ಟೂ ಗುಣ ಹೆಚ್ಚೆಂದು ನಂಬಿರುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇವುಗಳಿಂದ ಪ್ರಯೋಜನವೇನು? ನೋವು ಶಮನವಾಗುವುದುಂಟು, ಮೈ ಸಡಿಲವಾಗುವುದುಂಟು, ನಿದ್ರೆ ಬರುವುದುಂಟು. ಮಗುವು ಬಿದ್ದು ಮಂಡಿ ತಾಗಿಸಿಕೊಂಡರೆ ತಾಯಿಯು ಮೊದಲು ಅಲ್ಲಿಯೇ ಸವರುತ್ತಾಳೆ, ಅಳು ಇಳಿಯುತ್ತದೆ. ಸ್ಪರ್ಶದ ಸುದ್ದಿಯನ್ನು ಒಯ್ಯುವ ನರಗಳು ನೋವಿನ ಸುದ್ದಿಗೆ ಬೆನ್ನುಹುರಿಯಲ್ಲಿಯೇ ಅಡ್ಡ ಬಾಗಿಲು ಹಾಕುತ್ತವೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿದ್ವಾಂಸರು 1965ರಲ್ಲಿ ಪ್ರತಿಪಾದಿಸಿದರು. ಆದರೆ ಈ ಉಪಶಮನವು ದೀರ್ಘಕಾಲದ್ದಲ್ಲ. ಸೊಂಟನೋವಿಗೆ ಮರ್ದನವು ಎಷ್ಟು ಉಪಯುಕ್ತವೆಂದು 25 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಮಾಡಿದ ವಿಮರ್ಶೆಯು, ಸ್ವಲ್ಪ ಕಾಲದ ಮಟ್ಟಿಗೆ ನೋವು ತಗ್ಗಬಹುದು, ಆದರೆ ಸಾಕ್ಷ್ಯವು ದುರ್ಬಲವೆಂದು ನಿರ್ಣಯಿಸಿತು. ಮೈಯೊಳಗಿನ ವಿಷವೆಲ್ಲ ಹೊರಗೆ ಹೋಗುತ್ತದೆಂದು ಅಂಗಡಿಯವರು ಹೇಳುವುದು ವ್ಯಾಪಾರದ ಮಾತು. ಆ ಕೆಲಸಕ್ಕೆ ಯಕೃತ್ತೂ ಮೂತ್ರಪಿಂಡಗಳೂ ಇವೆ. ಹಾಗೆಂದು ಹಿತವಾದುದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಸೊಂಟವೂ ಆ ದಿನ ಹಗುರವಾಯಿತು. ಮೂರನೆಯ ದಿನಕ್ಕೆ ಮೊದಲಿನಂತೆಯೇ ಆಯಿತು. ಈಗ ಅದಕ್ಕೆ ಆಸರೆಯಾಗಿರುವುದು ಬೆಳಗಿನ ನಡಿಗೆ.

ಇನ್ನು ನಮ್ಮ ಮನೆಯ ಕಥೆ. ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ನಮ್ಮ ಗೃಹಿಣಿಯು ಹಿತ್ತಿಲ ಕಲ್ಲುಹಾಸಿನ ಮೇಲೆ ಜಾರಿ ಬಿದ್ದು ಎಡಗಾಲಿನ ಹರಡಿನ ಮೂಳೆಯನ್ನು ಮುರಿದುಕೊಂಡರು. ಪ್ಲಾಸ್ಟರ್ ಕಟ್ಟಿ ಆರು ವಾರ ಮಲಗಿಸಿದರು. ಕಟ್ಟು ಬಿಚ್ಚಿದ ನಾಲ್ಕೈದು ದಿನಕ್ಕೆ ಮೀನಖಂಡದಲ್ಲಿ ನೋವು ಕಾಣಿಸಿತು. ಆರು ವಾರ ಆಡದಿದ್ದ ಕಾಲು, ಹಿಡಿದುಕೊಂಡಿದೆ ಎಂದುಕೊಂಡೆವು. ನೋಡಲು ಬಂದ ನೆಂಟರೆಲ್ಲರೂ ಒಂದೇ ಮಾತು: "ಎಣ್ಣೆ ಹಚ್ಚಿ ಚೆನ್ನಾಗಿ ನೀವಿ, ಸರಿಹೋಗುತ್ತೆ." ಕಟ್ಟು ಬಿಚ್ಚಿದ ಅಂಗಕ್ಕೆ ಎಣ್ಣೆ ನೀವುವುದು ನಮ್ಮ ಸೀಮೆಯಲ್ಲಿ ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ಮಹಾನಾರಾಯಣ ತೈಲವನ್ನು ತಂದು, ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಿ, ಎರಡು ಸಂಜೆ ನಾವೇ ಕುಳಿತು ನೀವಿದೆವು. ಮೂವತ್ತು ವರ್ಷ ನಮಗೆ ಉಣಬಡಿಸಿದಾಕೆಗೆ ಅಷ್ಟಾದರೂ ಮಾಡಿದೆವಲ್ಲಾ ಎಂಬ ಸಂತೋಷವೂ ಇತ್ತು. ಆಕೆಯೂ, "ಏನೂಂದ್ರೆ, ಹಿತವಾಗಿದೆ, ಇನ್ನೂ ಸ್ವಲ್ಪ ಬಲವಾಗಿ ಒತ್ತಿ" ಎಂದರು. ಒತ್ತಿದೆವು.

ಮೂರನೆಯ ಸಂಜೆ ನೆರೆಮನೆಯ ಹುಡುಗಿಯೊಬ್ಬಳು ಮಾತನಾಡಿಸಿಕೊಂಡು ಹೋಗಲು ಬಂದಳು. ಒಂದು ಕಾಲದಲ್ಲಿ ನಮ್ಮಲ್ಲಿ ಶಬ್ದರೂಪಾವಳಿ ಓದಿದವಳು. ಆಮೇಲೆ ಫಿಸಿಯೋಥೆರಪಿಯನ್ನು ಓದಿ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಳು. ನಮ್ಮ ಕೈ ಎಣ್ಣೆಯಲ್ಲಿತ್ತು. ಬಾಗಿಲಲ್ಲಿ ನಿಂತು ಒಂದು ಕ್ಷಣ ನೋಡಿದವಳು, "ಮೇಷ್ಟ್ರೇ, ಕೈ ತೆಗೀರಿ" ಎಂದಳು. ತರಗತಿಯಲ್ಲಿ ಎಂದೂ ಗಟ್ಟಿಯಾಗಿ ಮಾತನಾಡದಿದ್ದ ಹುಡುಗಿ. ನಾವು ಕೈ ತೆಗೆದೆವು. ಅವಳು ಹೊಲಿಗೆಯ ಪೆಟ್ಟಿಗೆಯಿಂದ ಅಳತೆಯ ಪಟ್ಟಿಯನ್ನು ಕೇಳಿ ತೆಗೆದುಕೊಂಡು ಎರಡು ಮೀನಖಂಡಗಳನ್ನೂ ಅಳೆದಳು. ಎಡದ್ದು ಬಲದ್ದಕ್ಕಿಂತ 4 ಸೆಂಟಿಮೀಟರು ದಪ್ಪವಾಗಿತ್ತು, ಮುಟ್ಟಿದರೆ ಬಿಸಿ, ಚರ್ಮವು ಬಿಗಿದು ಕೆಂಪಾಗಿತ್ತು. ಎರಡು ದಿನ ಅದೇ ಕಾಲನ್ನು ನೀವಿದ ನಮಗೆ ಇದು ಕಂಡಿರಲಿಲ್ಲ. ಬಿಸಿಯು ಎಣ್ಣೆಯದೆಂದೂ ಕೆಂಪು ತಿಕ್ಕಿದ್ದರಿಂದೆಂದೂ ತಿಳಿದುಕೊಂಡಿದ್ದೆವು. ಪಕ್ಕದ ಕಾಲನ್ನು ನೋಡಬೇಕೆಂದು ತೋಚಲೇ ಇಲ್ಲ.

"ಅಮ್ಮನನ್ನು ನಡೆಸಬೇಡಿ, ಈ ರಾತ್ರಿಯೇ ಆಸ್ಪತ್ರೆಗೆ" ಎಂದಳು. ಅಲ್ಲಿ ಡಾಪ್ಲರ್ ಯಂತ್ರದಿಂದ ನೋಡಿದರು. ಕಾಲಿನ ಆಳದ ಸಿರೆಯಲ್ಲಿ ರಕ್ತವು ಹೆಪ್ಪುಗಟ್ಟಿತ್ತು. ಬಹಳ ದಿನ ಕದಲದೆ ಮಲಗಿದವರಿಗೆ, ಕಾಲಿಗೆ ಕಟ್ಟು ಹಾಕಿಸಿಕೊಂಡವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ, ಬಾಣಂತಿಯರಿಗೆ ಹೀಗಾಗುವ ಸಂಭವವು ಹೆಚ್ಚು. ಆ ಹೆಪ್ಪಿನ ತುಂಡೊಂದು ಕಿತ್ತುಕೊಂಡರೆ ರಕ್ತದೊಡನೆ ಹೃದಯಕ್ಕೆ ಹೋಗಿ, ಅಲ್ಲಿಂದ ಪುಪ್ಪುಸದ ನಾಳದಲ್ಲಿ ಸಿಕ್ಕಿಕೊಂಡು, ಪ್ರಾಣವನ್ನೇ ತೆಗೆಯಬಹುದು. ಕೀಳಿಸುವುದಕ್ಕೆ ನೀವುವ ಕೈಯೇ ಸಾಕು. ಹೃದಯದ ಕಡೆಗೆ ನೀವಬೇಕೆಂದು ಮೇಲೆ ಬರೆದೆವಲ್ಲ, ಆ ನೇಮವನ್ನು ನಾವು ತಿಳಿಯದೆಯೇ ಸರಿಯಾಗಿ ಪಾಲಿಸಿದ್ದೆವು! ವೈದ್ಯರು ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಸೂಜಿಮದ್ದನ್ನೂ ಆಮೇಲೆ ಮಾತ್ರೆಯನ್ನೂ ಕೊಟ್ಟರು. ಆರು ತಿಂಗಳು ನಡೆಯಿತು. ಆಕೆ ಸುಖವಾಗಿದ್ದಾರೆ. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ಕೈಯಿಂದ ಆ ತೈಲದ ವಾಸನೆ ಬರುತ್ತಲೇ ಇತ್ತು. ಎದ್ದುಹೋಗಿ ಎರಡು ಸಲ ಕೈ ತೊಳೆದೆವು.

ಶಾಸ್ತ್ರವನ್ನು ಓದಿದವರೆಂಬ ಅಭಿಮಾನವುಳ್ಳ ನಮಗೆ ಹೆಚ್ಚು ನಾಚಿಕೆಯಾದದ್ದು ಆಮೇಲೆ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯವೂ ಮಾಡಬೇಕು, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕು ಎಂದಿರುವುದು ನಮಗೆ ಬಾಯಿಪಾಠ. ಅದರ ಬೆನ್ನಿಗೇ, ಕಫವು ಹೆಚ್ಚಿದವನೂ, ಶೋಧನಕರ್ಮವಾದವನೂ, ಅಜೀರ್ಣವುಳ್ಳವನೂ ಮಾಡಿಸಿಕೊಳ್ಳಬಾರದೆಂದಿದೆ. ಸುಶ್ರುತನು ಎಳೆಯ ಜ್ವರವುಳ್ಳವನಿಗೂ ಬೇಡವೆನ್ನುತ್ತಾನೆ. ಆಳದ ಸಿರೆಯ ಹೆಪ್ಪನ್ನು ಅವರು ನಮ್ಮ ಕಾಲದ ಹೆಸರಿನಲ್ಲಿ ಹೇಳಿಲ್ಲ, ನಿಜ. ಆದರೆ ಕೈಯಿಡುವ ಮೊದಲು ಇವನು ಯಾರು, ಇವನ ದೇಹಸ್ಥಿತಿ ಏನು ಎಂದು ಕೇಳಬೇಕೆಂಬುದನ್ನು ಹೇಳಿಯೇ ಇದ್ದಾರೆ. ನಾವು ಮೊದಲ ಭಾಗವನ್ನು ಉರುಹೊಡೆದು ಎರಡನೆಯದನ್ನು ಪಾರಾಯಣದಲ್ಲಿ ನುಂಗಿಬಿಟ್ಟಿದ್ದೆವು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಎಣ್ಣೆಯ ಬಟ್ಟಲನ್ನು ಕೆಳಗಿಡಿ, ವೈದ್ಯರನ್ನು ಕಾಣಿ. ಜ್ವರವಿದ್ದಾಗ, ಮೂಳೆ ಮುರಿದಿರಬಹುದೆಂಬ ಸಂಶಯವಿದ್ದಾಗ, ಚರ್ಮದಲ್ಲಿ ಹುಣ್ಣೋ ಕೀವೋ ಇದ್ದಾಗ ಮರ್ದನ ಸಲ್ಲದು. ರಕ್ತವನ್ನು ತೆಳುಮಾಡುವ ಮಾತ್ರೆ ನುಂಗುವವರಿಗೂ ಮೂಳೆ ಸವೆದ ವೃದ್ಧರಿಗೂ ಬಲವಾದ ಒತ್ತು ಸಲ್ಲದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಎಣ್ಣೆಯ ಬಿಸಿಯೂ ತಿಳಿಯುವುದಿಲ್ಲ, ಒತ್ತಿನ ನೋವೂ ತಿಳಿಯುವುದಿಲ್ಲ. ಅವರ ಪಾದವನ್ನು ನೀವುವವರ ಕಣ್ಣೇ ಕಾಯಬೇಕು. ಎಳೆಗೂಸಿಗೆ ಎಣ್ಣೆ ತಿಕ್ಕುವಾಗ ಮೂಗಿಗೂ ಎರಡು ಹನಿ ಬಿಡುವ ಮುದುಕಿಯರು ಇಂದಿಗೂ ಇದ್ದಾರೆ. ಆ ಎಣ್ಣೆ ಉಸಿರಿನೊಡನೆ ಪುಪ್ಪುಸಕ್ಕಿಳಿದರೆ ಅಲ್ಲಿ ಉರಿಯೂತವಾಗುತ್ತದೆ. ಅವರ ಮನಸ್ಸನ್ನು ನೋಯಿಸದೆ ಆ ಬಟ್ಟಲನ್ನು ಮಾತ್ರ ಪಕ್ಕಕ್ಕೆ ಸರಿಸಬೇಕು. ಇನ್ನು ಕ್ಷೌರದಂಗಡಿ. ತಲೆಗೆ ಎಣ್ಣೆ ತಟ್ಟಿಸಿಕೊಳ್ಳುವ ಸುಖವನ್ನು ನಾವು ಬಲ್ಲೆವು, ಬಿಡಲು ಹೇಳುವುದಿಲ್ಲ. ಆದರೆ ಕೊನೆಯಲ್ಲಿ ಅವನು ಗಲ್ಲವನ್ನೂ ನೆತ್ತಿಯನ್ನೂ ಹಿಡಿದು ಕುತ್ತಿಗೆಯನ್ನು ಲಟಕ್ಕನೆ ತಿರುವುತ್ತಾನಲ್ಲ, ಅದು ಬೇಡ. ಮಿದುಳಿಗೆ ರಕ್ತವೊಯ್ಯುವ ನಾಳಗಳೆರಡು ಕುತ್ತಿಗೆಯ ಮೂಳೆಗಳ ರಂಧ್ರಗಳಲ್ಲಿಯೇ ಸಾಗುತ್ತವೆ. ಅಂಥ ತಿರುವಿನಿಂದ ಅದರ ಒಳಪದರವು ಹರಿದು ಪಾರ್ಶ್ವವಾಯು ಬಡಿದ ಪ್ರಸಂಗಗಳುಂಟು.

ಬೆಂಗಳೂರಿನ ಆ ಸ್ಥಳದ ವಿಷಯದಲ್ಲಿ ಒಂದು ಮಾತು ಉಳಿಯಿತು. ಪಟ್ಟಿಯನ್ನು ಕಂಡು ನಾವು ಮನಸ್ಸಿನಲ್ಲಿ ನಕ್ಕಿದ್ದು ನಿಜ. ಆದರೆ ಮರ್ದನಕ್ಕೆಂದು ಬಂದ ಯುವಕನು ಕೈಗೆ ಎಣ್ಣೆ ಹಾಕಿಕೊಳ್ಳುವ ಮೊದಲು, ಅರೆಬರೆ ಕನ್ನಡದಲ್ಲಿ, ರಕ್ತದ ಮಾತ್ರೆ ಏನಾದರೂ ನುಂಗುತ್ತೀರಾ, ಆಪರೇಷನ್ ಆಗಿದೆಯೇ, ಕಾಲು ಊದುವುದುಂಟೇ ಎಂದು ಮೂರು ಪ್ರಶ್ನೆ ಕೇಳಿದನು. ಆ ಮೂರೂ ಪ್ರಶ್ನೆಗಳನ್ನು ನಾಲ್ಕು ವರ್ಷದ ಹಿಂದೆ ನಾವು ಕೇಳಿರಲಿಲ್ಲ. ಹೊರಡುವಾಗ ಅವನ ಕೈಗೆ ಮಗನಿಗೆ ಕಾಣದಂತೆ ಸ್ವಲ್ಪ ಹೆಚ್ಚಾಗಿಯೇ ಇನಾಮು ಕೊಟ್ಟೆವು.

ಕಳೆದ ನರಕಚತುರ್ದಶಿಯ ದಿನ ಎಂದಿನಂತೆ ಹಂಡೆಗೆ ನೀರು ತುಂಬಿ, ಸುಣ್ಣ ಕೆಮ್ಮಣ್ಣು ಬಳಿದು, ಎಣ್ಣೆಯ ಶಾಸ್ತ್ರ ನಡೆಯಿತು. ನಮ್ಮ ಗೃಹಿಣಿಯು ತಲೆಗೂ ತೋಳಿಗೂ ಹಚ್ಚಿಸಿಕೊಂಡು, ಬಟ್ಟಲು ಕಾಲಿನ ಹತ್ತಿರ ಬಂದಾಗ ಸೀರೆಯ ನೆರಿಗೆಯನ್ನು ಕೆಳಗೆಳೆದುಕೊಂಡು, "ಅದು ಇರಲಿ, ಆ ಹುಡುಗಿ ಬೆಳಿಗ್ಗೆ ಬರ್ತೀನಿ ಅಂದಿದ್ದಾಳೆ, ಅವಳನ್ನ ಒಂದು ಮಾತು ಕೇಳಿ ಆಮೇಲೆ" ಎಂದರು. ಅವಳು ಬಂದು, ಎರಡೂ ಕಾಲನ್ನು ನೋಡಿ, ನಕ್ಕು, "ಹಚ್ಚಿ ಮೇಷ್ಟ್ರೇ" ಎಂದ ಮೇಲೆಯೇ ನಾವು ಬಟ್ಟಲಿಗೆ ಕೈ ಹಾಕಿದೆವು.